ಹದಿನೆಂಟನೇ ಸೈಟಿನ ನಾಲ್ಕು ಅಡಿ

ಚನ್ನಗಿರಿಯ ಹೊರಗಿನ ನಮ್ಮ ಬಡಾವಣೆಯಲ್ಲಿ ಆರು ವರ್ಷದ ಹಿಂದೆ ಚದರಡಿಗೆ ಮುನ್ನೂರೈವತ್ತು ಇತ್ತು, ಈಗ ಒಂಬೈನೂರೈವತ್ತು. ಎರಡು ಕೋಣೆಯ ಮನೆಗೆ ಆಗ ಮೂರು ಸಾವಿರ ಬಾಡಿಗೆ, ಈಗ ಆರೂವರೆ. ನಾವು ಅಗ್ಗದ ಕಾಲದಲ್ಲೇ ಮೂವತ್ತು-ನಲವತ್ತರ ಸೈಟು ಕೊಂಡಿದ್ದೆವು. ಪಕ್ಕದ, ಅಷ್ಟೇ ಅಳತೆಯ ಹದಿನೆಂಟನೇ ಸೈಟಿಗೆ ಜಗಳೂರಿನ ಯಶೋಧರಾ ಹೋದ ವರ್ಷ ಹನ್ನೊಂದು ಲಕ್ಷ ನಲವತ್ತು ಸಾವಿರ ಕೊಟ್ಟರು. ಅವರು ಇಲ್ಲಿ ಆಸ್ಪತ್ರೆಯಲ್ಲಿ ನರ್ಸು.

ನಮ್ಮ ಪಾಯ ಎದ್ದು ಎಂಟು ದಿನವಾಗಿತ್ತು. ಅವತ್ತು ಮಧ್ಯಾಹ್ನ ಅವರು ಟೇಪು ಹಿಡಿದು ಬಂದರು. ಅವರ ಮನೆ ಸಾಲಕ್ಕಾಗಿ ಬ್ಯಾಂಕಿನ ಇಂಜಿನಿಯರು ನಾಲ್ಕು ಗಂಟೆಗೆ ಅಳೆಯಲು ಬರುವವನಿದ್ದ.

"ಕಸ್ತೂರಮ್ಮಾರೆ, ನಂದು ಇಪ್ಪತ್ತಾರೇ ಅಡಿ ಬರ್ತೈತಲ್ರೀ!"

ಮೇಸ್ತ್ರಿ ಓಬಣ್ಣ ತಾನೇ ಅಳೆದ. ಆಚೆ ಕಲ್ಲಿನಿಂದ ನಮ್ಮ ಪಾಯಕ್ಕೆ ಇಪ್ಪತ್ತಾರು.

"ಟೇಪು ಬಿಸ್ಲಿಗೆ ಹಿಗ್ಗೈತೆ ಸಿಸ್ಟರೇ."

"ನಾಲ್ಕಡಿ ಹಿಗ್ಗಾಕೆ ಅದೇನು ರಬ್ಬರ್ರೇನಪ್ಪಾ? ಅಳತೆ ಕಮ್ಮಿ ಬಂದ್ರೆ ಸಾಲ ಕೊಡಲ್ಲ. ನನ್ನ ಪಿಎಫ್ ದುಡ್ಡೆಲ್ಲ ಇದ್ರಾಗೇ ಐತೆ."

ನನ್ನ ಗಂಡ ಮುರುಗೇಶಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಲೇಔಟ್ ಮಾಡಿದೋರು ಕಲ್ಲು ತಪ್ಪು ನೆಟ್ಟಾರೆ ಅಂತ ನಾನು ಹೇಳ್ತೀನಿ. ನೀನು ಸುಮ್ನಿರು."

ಕಲ್ಲು ತಪ್ಪಿಸಿದವಳು ನಾನು. ಮೂರು ವರ್ಷದ ಹಿಂದೆ, ಸೈಟುಗಳೆಲ್ಲ ಖಾಲಿ ಬಿದ್ದಿದ್ದಾಗ, ಬೇಯಿಸಿದ ಅಡಿಕೆಯನ್ನು ಅಲ್ಲೇ ಟಾರ್ಪಾಲಿನ ಮೇಲೆ ಹರವುತ್ತಿದ್ದೆ. ಗಾಳಿಗೆ ಟಾರ್ಪಾಲು ಹಾರದಿರಲೆಂದು ಎರಡು ಸೈಟಿನ ನಡುವಿನ ಗಡಿಕಲ್ಲು ಕಿತ್ತು ಮೂಲೆಗೆ ಇಟ್ಟೆ. ಸುಗ್ಗಿ ಮುಗಿದ ಮೇಲೆ ಅಂದಾಜಿನಲ್ಲಿ ನೆಟ್ಟೆ. ಓಬಣ್ಣ ದಾರ ಕಟ್ಟಿ ಮೂವತ್ತಡಿ ಅಳೆದದ್ದು ಆ ಕಲ್ಲಿನಿಂದ; ನಮ್ಮ ಸೈಟಿನ ಇನ್ನೊಂದು ಬದಿಯಲ್ಲಿ ನಾಲ್ಕಡಿ ಖಾಲಿ ಉಳಿದಿತ್ತು.

ಅವನೇ ಒಂದು ದಾರಿ ಹೇಳಿದ. "ಆಚೆ ಕಲ್ಲುಗಳ್ನೂ ನಾಲ್ಕ್ನಾಲ್ಕಡಿ ಸರಿಸಿಬಿಡಾನ. ಎಲ್ಲಾ ಖಾಲಿ ಸೈಟು. ಕಮ್ಮಿ ಬೀಳೋದು ಕೊನೇದಕ್ಕೆ, ಅದು ಹೊನ್ನಾಳಿಯೋರ್ದು, ಐದು ವರ್ಷದಿಂದ ಈ ಕಡೆ ಮುಖ ಹಾಕಿಲ್ಲ."

ಯಶೋಧರಾ ಗಡಿಯಾರ ನೋಡಿಕೊಂಡರು. ಎರಡೂವರೆ. "ನನಗೆ ಮೂವತ್ತು ಸಿಕ್ರೆ ಸಾಕು," ಎಂದರು, ನೆಲ ನೋಡುತ್ತ.

ಓಬಣ್ಣ ಹಾರೆ ಎತ್ತಿಕೊಂಡ.

ಪಾಯ ಒಡೆದು ಕಟ್ಟಿದರೆ ಎಂಬತ್ತು ಸಾವಿರ. ಬದಿಯಲ್ಲಿ ಬಾಡಿಗೆಗೆಂದು ಎಣಿಸಿದ್ದ ಕೋಣೆಯೂ ಇಲ್ಲ. ಅದರ ಮೂರು ಸಾವಿರದಲ್ಲೇ ನಮ್ಮ ಸಾಲದ ಕಂತು ಕಟ್ಟಬೇಕಿತ್ತು. ಸುಮ್ಮನಿದ್ದರೆ ಇವತ್ತು ಏನೂ ಖರ್ಚಿಲ್ಲ. ಆದರೆ ಹೊನ್ನಾಳಿಯವರೂ ನಮ್ಮ ಹಾಗೆ ಹೊಟ್ಟೆ ಕಟ್ಟಿಯೇ ಕೊಂಡಿರುತ್ತಾರೆ. ಈಗಿನ ದರಕ್ಕೆ ಆ ನಾಲ್ಕಡಿ ಅಂದರೆ ಒಂದೂವರೆ ಲಕ್ಷ. ಅವರು ಎಂದಾದರೂ ಟೇಪು ಹಿಡಿದು ಬಂದೇ ಬರುತ್ತಾರೆ.

"ಹಾರೆ ಕೆಳಗಿಡು ಓಬಣ್ಣ. ಆ ಕಲ್ಲು ಕಿತ್ತೋಳು ನಾನೇ. ಅಡಿಕೆ ಒಣಗಿಸಾಕೆ ಕಿತ್ತಿದ್ದೆ."

"ನಿನಗೇನು ತಲೆ ಕೆಟ್ಟೈತಾ?" ಗಂಡ ಕೂಗಿದರು.

"ಹ್ಞೂಂರಿ, ಕೆಟ್ಟೈತೆ. ಓಬಣ್ಣ, ನಮ್ಮ ಪಾಯ ಒಡಿ. ಇಂಜಿನಿಯರು ಬರೋದ್ರಾಗೆ ಶುರು ಆಗ್ಲಿ."

ಯಶೋಧರಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾಯದಿಂದ ಕಿತ್ತ ಕಲ್ಲುಗಳನ್ನು ನಮ್ಮ ಕಡೆಗೆ ಎತ್ತಿ ಹಾಕತೊಡಗಿದರು.

ನಾಲ್ಕಕ್ಕೆ ಇಂಜಿನಿಯರು ಬಂದಾಗ ಆ ಬದಿಯ ಪಾಯ ಅರ್ಧ ಕಿತ್ತಾಗಿತ್ತು. ಗುಂಡಿ ನೋಡಿದ, ನಮ್ಮನ್ನು ನೋಡಿದ, ಅಳೆದು ಮೂವತ್ತು ಎಂದು ಬರೆದುಕೊಂಡ.

ಎಂಬತ್ತೆರಡು ಸಾವಿರ ಹೋಯಿತು. ಬಾಡಿಗೆ ಕೋಣೆ ಹೋಯಿತು. ಇನ್ನೊಂದು ಬದಿಯಲ್ಲಿ ಉಳಿದ ನಾಲ್ಕಡಿ ಪಾತ್ರೆ ತೊಳೆಯುವುದಕ್ಕಷ್ಟೇ ಆಯಿತು. ಗಂಡ ಹದಿನೈದು ದಿನ ಮಾತು ಬಿಟ್ಟರು. ಯಶೋಧರಾ ಅವರಿಗೆ ಸಾಲ ಸಿಕ್ಕಿತು.