ಬಾನೆಟ್ ಮೇಲಿನ ಕಸೂತಿ

ಬೇಸಿಗೆಯ ಕೊನೆ, ಗಾಳಿ ದಿಕ್ಕು ತಪ್ಪಿ ಬೀಸುವ ಕಾಲ. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತು. ಇದು ಶುರುವಾದದ್ದು ಆಗ.

ನನ್ನ ತಮ್ಮನಿಗೆ ಒಂದು ಕಪ್ಪು ಕಾರಿತ್ತು. ಉದ್ದನೆಯದು, ಹಳೆಯದು, ಆದರೆ ನೋಡಿದವರು ಯಾರೂ ಅದನ್ನು ಹಳೆಯದು ಅನ್ನುತ್ತಿರಲಿಲ್ಲ. ಮದುವೆಗೆ ಬಾಡಿಗೆ ಹೋಗುವುದೂ ಅದೇ, ಸಾವಿಗೆ ಹೋಗುವುದೂ ಅದೇ. ಹೂವು ಮಾತ್ರ ಬೇರೆ ಎಂದು ಅವನೇ ನಗುತ್ತಿದ್ದ. ನನ್ನ ಗಂಡ ಹೋದ ಮೇಲೆ ನಾನು ತಮ್ಮನ ಮನೆಗೆ ಬಂದು, ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡಿದ್ದೆ. ಕಿಟಕಿ ತೆಗೆದರೆ ಕಾರಿನ ಮೂತಿ. ಬಟ್ಟೆಯ ಮೇಲೆ ಕಣ್ಣಿಟ್ಟು ಬೇಸರವಾದಾಗ ತಲೆಯೆತ್ತಿದರೆ ಕಾಣುತ್ತಿದ್ದದ್ದು ಅದೊಂದೇ.

ನಮ್ಮ ಬೀದಿಯಲ್ಲಿ ನೀರಿಗೆ ತುಂಬ ಬಿಗಿ. ಕಾರು ತೊಳೆಯುವುದು ಭಾನುವಾರ ಮಾತ್ರ. ಉಳಿದ ದಿನವೆಲ್ಲ ಧೂಳಿನ ಜೊತೆ ಜಗಳ. ಕಪ್ಪು ಬಣ್ಣ ಬಲು ಸೂಕ್ಷ್ಮ. ಧೂಳು ಕೂತರೂ ಕಾಣುತ್ತದೆ, ಒಣಬಟ್ಟೆಯಲ್ಲಿ ಒರೆಸಿದರೆ ಆ ಧೂಳೇ ಮರಳು ಕಾಗದವಾಗಿ ಮೈಯೆಲ್ಲ ಗೀರುತ್ತದೆ. ಅದಕ್ಕೆ ತಮ್ಮ ಒಂದು ಕ್ರಮ ಮಾಡಿಕೊಂಡಿದ್ದ. ಮೊದಲು ಮೆತ್ತನೆ ದಾರದ ಡಸ್ಟರನ್ನು ಒತ್ತದೆ, ಅದರದೇ ಭಾರದಲ್ಲಿ ಮೇಲಿನಿಂದ ಕೆಳಗೆ ಎಳೆಯುವುದು. ಆಮೇಲೆ ಬಾಟಲಿಯಿಂದ ನೀರು ಸಿಂಪಡಿಸಿ, ಉಳಿದ ಧೂಳು ನೆನೆಯುವ ತನಕ ಕಾಯುವುದು. ಕೊನೆಗೆ ಮಡಿಸಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಎತ್ತಿಕೊಳ್ಳುವುದು. ‘ಒರೆಸುವುದು’ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು, ‘ಎತ್ತಿಕೊಳ್ಳುವುದು’ ಎಂದೇ ಹೇಳಬೇಕು. ಪ್ರತಿ ಸಲವೂ ಬಟ್ಟೆಯ ಹೊಸ ಮಡಿಕೆ. ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆ ಆಮೇಲೆ ಚಕ್ರಕ್ಕಷ್ಟೇ. ಹಕ್ಕಿ ಹಿಕ್ಕೆ ಹಾಕಿದ್ದರೆ ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ, ತಾನಾಗಿ ಬಿಡುವವರೆಗೆ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದ.

ಬಾಟಲಿ ಹಿಡಿಯುತ್ತಿದ್ದವಳು ಅವನ ಹೆಂಡತಿ. ಅವಳು ಒಂದು ಹೆಜ್ಜೆ ಮುಂದೆ ಸಿಂಪಡಿಸುತ್ತ ಹೋಗಬೇಕು, ಇವನು ಹಿಂದೆ ಬಟ್ಟೆ ಹಿಡಿದು ಬರಬೇಕು. ಬೆಳಗಿನ ಆ ಹೊತ್ತು ಬಿಟ್ಟರೆ ಅವರಿಬ್ಬರು ಸೇರಿ ನಗಾಡಿದ್ದನ್ನು ನಾನು ಕಂಡದ್ದು ಕಡಿಮೆ.

“ಅಷ್ಟೊಂದು ಹೊಡೀಬೇಡ ತಾಯಿ, ಅದಕ್ಕೆ ನೆಗಡಿ ಆಗುತ್ತೆ.”

“ಆದ್ರೆ ಆಗ್ಲಿ ಬಿಡಿ. ರಾತ್ರಿಯೆಲ್ಲಾ ಪಕ್ಕದಲ್ಲಿ ಕೂರೋಕೆ ನೀವಿದ್ದೀರಲ್ಲ. ನನಗೆ ಜ್ವರ ಬಂದಾಗ ಮಾತ್ರ ಗೊರಕೆ.”

“ನಿನಗೇನು, ಎರಡು ಕೋಟ್ ಬಣ್ಣ ಜಾಸ್ತಿನೇ ಹೊಡೆದು ಕಳ್ಸಿದ್ದಾರೆ ನಿಮ್ಮಪ್ಪ.”

ಹೀಗೆ. ಅವಳಿಗೆ ಅಷ್ಟು ಸಾಕಾಗುತ್ತಿತ್ತು. ಆಮೇಲೆ ದಿನವಿಡೀ ಹಾಡಿಕೊಂಡು ಕೆಲಸ ಮಾಡುತ್ತಿದ್ದಳು.

ಆ ಮಧ್ಯಾಹ್ನ ತಮ್ಮ ಜ್ವರದಿಂದ ಮಲಗಿದ್ದ. ಹಿಂದಿನ ದಿನ ಒಂದು ಹೆಣದ ಹಿಂದೆ ಮಣ್ಣುದಾರಿಯಲ್ಲಿ ಹೋಗಿಬಂದ ಕಾರು ಧೂಳು ಹೊತ್ತುಕೊಂಡು ಹಾಗೆಯೇ ನಿಂತಿತ್ತು. ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಅವಳು ಸೋಪಿನ ಕೈಯಲ್ಲೇ ಓಡಿ, ಅಟ್ಟದ ಮೇಲಿದ್ದ ಕಾರಿನ ಹೊದಿಕೆಯನ್ನು ಎಳೆದು ತಂದು, ನಾಲ್ಕೂ ಮೂಲೆ ಬಿಗಿದು ಕಟ್ಟಿದಳು. ಒಳಗೆ ಬಂದಾಗ ತಲೆತುಂಬ ಮಣ್ಣು, ಮುಖತುಂಬ ನಗು.

“ಹೊದಿಸಿ ಬಂದೆ ಅಕ್ಕ. ಎದ್ದು ನೋಡಿದ್ರೆ ಖುಷಿಪಡ್ತಾರೆ.”

ನನಗೂ ಸರಿಯೆಂದೇ ಕಂಡಿತು. ಕತ್ತಲಾಗುವವರೆಗೆ ಆ ಹೊದಿಕೆ ಗಾಳಿ ತುಂಬಿ ಉಬ್ಬಿ, ಮತ್ತೆ ಪಟಪಟನೆ ಬಡಿಯುತ್ತಲೇ ಇತ್ತು.

ಮರುದಿನ ತಮ್ಮ ಎದ್ದು ಹೊದಿಕೆ ತೆಗೆದ. ಡಸ್ಟರ್ ಎಳೆದ, ಸಿಂಪಡಿಸಿದ, ಎತ್ತಿಕೊಂಡ. ಬಿಸಿಲು ಓರೆಯಾಗಿ ಬಿದ್ದಾಗ ಬಾನೆಟ್ ಮೇಲೆ ಜೇಡರ ಬಲೆಯ ಹಾಗೆ ಬಿಳಿ ಗೀರುಗಳು, ಸುತ್ತು ಸುತ್ತು.

“ಧೂಳಿನ ಮೇಲೆ ಯಾರಾದ್ರೂ ಹೊದಿಸ್ತಾರೇನೇ?”

“ಗಾಳಿ ಇತ್ತಲ್ಲ ರೀ, ಇನ್ನಷ್ಟು ಕೂರ್ದೇ ಇರ್ಲಿ ಅಂತ...”

“ಕೂತಿದ್ದನ್ನ ದಿನವೆಲ್ಲಾ ಉಜ್ಜಿಸಿದ್ದೀಯ. ತಾ ಇಲ್ಲಿ.” ಅವಳ ಕೈಯಿಂದ ಬಾಟಲಿ ಕಿತ್ತುಕೊಂಡ.

ಅಷ್ಟು ಸಿಟ್ಟು ಯಾರಿಗಾದರೂ ಬರುತ್ತದೆ. ಅನ್ನಕ್ಕೆ ದಾರಿಯಾದ ವಸ್ತು. ನಾಲ್ಕು ದಿನ ಉರಿದು ಆರುತ್ತಾನೆ ಎಂದುಕೊಂಡೆ. ಅವನ ಗೆಳೆಯ, ಕಾರುಗಳಿಗೆ ಬಣ್ಣ ಹೊಡೆಯುವ ಪೇಂಟರ್, ನೋಡಲು ಬಂದ. ಬಾನೆಟ್ಟಿನ ಹತ್ತಿರ ಬಗ್ಗಿ, ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದ.

“ಮೇಲ್ಮೇಲಿಂದು ಕಣೋ. ಪಾಲಿಶ್ ಮಷೀನು ಹಿಡಿದ್ರೆ ಒಂದೇ ದಿನಕ್ಕೆ ಮಾಯ. ನಾಳೆನೇ ಬರ್ಲಾ? ನನ್ನ ಕಡೆಯಿಂದ ಇರ್ಲಿ ಇದು.”

“ಬೇಡ. ಇರ್ಲಿ ಬಿಡು.”

“ಯಾಕೋ?”

“ಇರ್ಲಿ. ನೋಡಿದಾಗೆಲ್ಲಾ ಅವಳಿಗೆ ಬುದ್ಧಿ ಬರ್ಲಿ.”

ಕಿಟಕಿಯ ಈ ಕಡೆ ನನ್ನ ಕಾಲು ಪೆಡಲಿನ ಮೇಲೆ ನಿಂತಿತು. ಪೇಂಟರ್ ನಕ್ಕು ಹೊರಟುಹೋದ.

ಅಂದಿನಿಂದ ಮನೆಗೆ ಯಾರೇ ಬರಲಿ, ಕಾರು ಗೊತ್ತುಮಾಡಲು ಬಂದವರಿರಲಿ, ದಾರಿ ಕೇಳಲು ಬಂದವರಿರಲಿ, ಅವರನ್ನು ಬಾನೆಟ್ಟಿನ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಬಿಸಿಲಿಲ್ಲದಿದ್ದರೆ ಮೊಬೈಲಿನ ಬೆಳಕು ಬಿಡುತ್ತಿದ್ದ. “ಬನ್ನಿ ಬನ್ನಿ, ನಮ್ಮನೆಯವಳ ಕಸೂತಿ ತೋರಿಸ್ತೀನಿ.” ಬಂದವರು ನಗುತ್ತಿದ್ದರು. ಮೊದಮೊದಲು ಅವಳೂ ನಗುತ್ತಿದ್ದಳು. ಬೆಳಿಗ್ಗೆ ಅವನೊಬ್ಬನೇ ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದ. ಒಂದು ದಿನ ಅವಳು ಕೈನೀಡಿದಳು.

“ಬೇಡ. ನೀನು ಒಳಗಿರು, ಅದೇ ದೊಡ್ಡ ಉಪಕಾರ.”

ಮಳೆಗಾಲ ಹೋಗಿ ಚಳಿ ಬಂತು. ಅವಳ ಅಣ್ಣ ನೋಡಿಕೊಂಡು ಹೋಗಲು ಬಂದ. ಅವನು ಚಪ್ಪಲಿ ಬಿಡುವ ಮೊದಲೇ ತಮ್ಮ ಕರೆದೊಯ್ದು ತೋರಿಸಿದ. ಪಾಪದ ಮನುಷ್ಯ, ಏನು ಹೇಳಬೇಕೋ ತಿಳಿಯದೆ, ಭಾವನಿಗೆ ಹಿತವಾಗಲಿ ಎಂದು, “ಅವಳು ಚಿಕ್ಕಂದಿನಿಂದ್ಲೂ ಸ್ವಲ್ಪ ಹಾಗೇ ಭಾವ,” ಎಂದುಬಿಟ್ಟ.

ಅವನು ಹೋದ ಮೇಲೆ ಅವಳು ನನ್ನ ಮಷೀನಿನ ಪಕ್ಕ ಬಂದು ಕೂತಳು. ಚಿಂದಿ ಬಟ್ಟೆಗಳನ್ನು ಸುಮ್ಮನೆ ಮಡಿಸುತ್ತ, ಬಿಚ್ಚುತ್ತ ಹೇಳಿದಳು.

“ಆ ಗೀರು ಇರೋ ತನಕ ಈ ಮನೇಲಿ ನನಗೆ ಬೇರೆ ಹೆಸರಿಲ್ಲ ಅಕ್ಕ. ಅದೊಂದು ಹೋದ್ರೆ, ಬಾಟಲಿ ಮತ್ತೆ ನನ್ನ ಕೈಗೆ ಬರುತ್ತೆ ನೋಡಿ.”

ತಮ್ಮ ಯಾವುದೋ ಸಂಬಂಧಿಕರ ಸಾವಿಗೆಂದು ದೂರದೂರಿಗೆ ರೈಲಿನಲ್ಲಿ ಹೋದ. ಅವಳು ಪೇಂಟರನ್ನು ಕರೆಸಿದಳು.

“ನನಗೆ ಬೈಯಿಸ್ತೀಯಲ್ಲ ತಂಗಿ.”

“ಬೈಗುಳ ನನ್ನ ತಲೆಗೇ ಇರ್ಲಿ ಅಣ್ಣ. ಅಭ್ಯಾಸ ಆಗಿದೆ.”

ಪಾಲಿಶ್ ಮಷೀನಿನ ವೈರನ್ನು ನನ್ನ ಕಿಟಕಿಯೊಳಗೆ ಕೊಟ್ಟ. ಹೊಲಿಗೆ ಮಷೀನಿನ ದೀಪ ಕಿತ್ತು ಅಲ್ಲಿ ಸಿಕ್ಕಿಸಿದೆ. ಅವಳು ಅಡುಗೆಮನೆಯ ಕೊಡಗಳನ್ನೆಲ್ಲ ಬರಿದು ಮಾಡಿ ನೀರು ಕೊಟ್ಟಳು. ಪೇಂಟರ್ ಮೊದಲು ತೊಳೆದ, ಒಂದು ಕಣ ಮರಳೂ ಉಳಿಯದ ಹಾಗೆ. ಆಮೇಲೆ ಬಿಳಿ ಪೇಸ್ಟ್ ಹಚ್ಚಿ, ಸ್ಪಂಜಿನ ಚಕ್ರ ತಿರುಗಿಸುತ್ತ ಅಂಗೈಯಗಲ ಅಂಗೈಯಗಲವಾಗಿ ಮುಂದುವರಿದ. ಚಕ್ರ ಹೋದ ಕಡೆಯೆಲ್ಲ ಬಲೆ ಕರಗಿ ಕಪ್ಪು ಮೇಲೆದ್ದು ಬಂತು. ಅವಳು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, ಉಸಿರು ತಾಗೀತೆಂದು ದೂರದಲ್ಲೇ ನಿಂತಿದ್ದಳು. ಕೊನೆಗೆ ಬಾನೆಟ್ಟಿನಲ್ಲಿ ತನ್ನ ಮುಖ ಕಂಡು ಕೂದಲು ಸರಿಮಾಡಿಕೊಂಡಳು.

ಸೋಮವಾರ ಬೆಳಗಿನ ರೈಲಿಗೆ ತಮ್ಮ ಬಂದ. ಚೀಲ ಕೆಳಗಿಟ್ಟು ಕಾರಿನ ಸುತ್ತ ಒಂದು ಸುತ್ತು ಬಂದ. ಬಿಸಿಲಿಗೆ ಬೆನ್ನು ಮಾಡಿ ಬಗ್ಗಿದ, ಎದ್ದ, ಇನ್ನೊಂದು ಕಡೆಯಿಂದ ಬಗ್ಗಿದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಎಲ್ಲಿ?”

“ಹೋಯ್ತು ರೀ. ಪೇಂಟರಣ್ಣ ಬಂದು ತೆಗೆದು ಕೊಟ್ರು. ಹೊಸದರ ಥರ ಆಗಿದೆ, ನೋಡಿ.”

“ಯಾರನ್ನ ಕೇಳಿ ತೆಗೆಸಿದೆ?”

ಅವಳು ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಹೊರಗೆ ಬಂದಳು.

“ಇಷ್ಟು ಉಜ್ಜಿದ್ರೆ ಬಣ್ಣ ಎಷ್ಟು ತೆಳ್ಳಗಾಯ್ತು ಗೊತ್ತಾ? ಅವತ್ತು ಬರೀ ಗೀರಿದ್ದೆ. ಇವತ್ತು ಸುಲಿದಿದ್ದೀಯ.”

“ಅವಳು ನಿನಗೋಸ್ಕರ ಮಾಡಿಸಿದ್ದು ಕಣೋ,” ಎಂದೆ ನಾನು ಕಿಟಕಿಯಿಂದ.

“ನೀನು ಹೊಲಿ ಅಕ್ಕ.”

ಆದರೂ ಅವಳು ಆಸೆ ಬಿಡಲಿಲ್ಲ. ಸಿಟ್ಟು ಇವತ್ತಿಗೆ, ನಾಳೆಗೆ ಇಳಿಯುತ್ತದೆ, ತೋರಿಸಲು ಇನ್ನೇನೂ ಇಲ್ಲವಲ್ಲ ಎಂದು ರಾತ್ರಿ ನನಗೆ ಊಟ ಬಡಿಸುವಾಗ ಹೇಳಿದಳು.

ಮಂಗಳವಾರ ಎದುರುಮನೆಯ ಮೇಷ್ಟ್ರು ಮಗಳ ಮದುವೆಗೆ ಕಾರು ಗೊತ್ತುಮಾಡಲು ಬಂದರು. ತಮ್ಮ ಅವರನ್ನು ಸೀದಾ ಬಾನೆಟ್ಟಿನ ಹತ್ತಿರ ಕರೆದುಕೊಂಡು ಹೋದ.

“ನೋಡಿ ಸಾರ್, ಇಲ್ಲಿಂದ ಇಲ್ಲೀವರೆಗೆ. ನಮ್ಮನೆಯವಳ ಕಸೂತಿ.”

ಮೇಷ್ಟ್ರು ಕನ್ನಡಕ ಮೇಲೇರಿಸಿ ನೋಡಿದರು. “ಏನೂ ಕಾಣಿಸ್ತಿಲ್ವಲ್ಲಪ್ಪ?”

“ಈಗಿಲ್ಲ ಸಾರ್. ಇತ್ತು. ಈ ಅಂಚಿನಲ್ಲಿ ಸ್ವಲ್ಪ ದಟ್ಟ, ಆ ಕಡೆ ಹೋಗ್ತಾ ತೆಳು.” ಬಣ್ಣಕ್ಕೆ ತಾಗದ ಹಾಗೆ, ಗಾಳಿಯಲ್ಲೇ ಬೆರಳು ಆಡಿಸಿ ಒಂದೊಂದು ಸುತ್ತನ್ನೂ ಬರೆದು ತೋರಿಸಿದ. ಒಂದನ್ನೂ ಮರೆತಿರಲಿಲ್ಲ.

ಅವಳು ಚಹಾ ಹಿಡಿದು ಬಾಗಿಲಿಗೆ ಬಂದಿದ್ದಳು. ಅವನ ಬೆರಳು ಹೋದ ಕಡೆಯೆಲ್ಲ ಅವಳ ಕಣ್ಣು ಹೋಯಿತು. ಆಮೇಲೆ ಒಳಗೆ ಬಂದು ಎರಡೂ ಲೋಟವನ್ನು ನನ್ನ ಮಷೀನಿನ ಮೇಲಿಟ್ಟಳು.

“ನೀವೇ ಕುಡೀರಿ ಅಕ್ಕ.”

ಮಾರನೆಯ ಬೆಳಿಗ್ಗೆ ಅವನು ಡಸ್ಟರ್ ಎಳೆಯುತ್ತಿದ್ದಾಗ ಅವಳು ಬಟ್ಟೆ ತುಂಬಿದ ಚೀಲ ಹಿಡಿದು ಹೊರಗೆ ಬಂದಳು. ನನ್ನ ಕಿಟಕಿಯ ಹತ್ತಿರ ಒಂದು ಕ್ಷಣ ನಿಂತು, ಕಂಬಿಯ ಮೇಲಿದ್ದ ನನ್ನ ಕೈ ಮುಟ್ಟಿದಳು. ಕಾರಿಗೂ ಗೋಡೆಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟೇ ಜಾಗ. ತಮ್ಮ ತಲೆಯೆತ್ತಿ ನೋಡಿದ. ಎಲ್ಲಿಗೆ ಎಂದು ಕೇಳುತ್ತಾನೆ ಎಂದುಕೊಂಡೆ.

“ಹುಷಾರು, ಚೀಲದ ಜಿಪ್ ತಾಗೀತು,” ಎಂದ.

ಅವಳು ಚೀಲವನ್ನು ಎತ್ತಿ ಎದೆಗವಚಿಕೊಂಡು, ಗೋಡೆಗೆ ಒತ್ತಿಕೊಂಡು, ಎಲ್ಲಿಯೂ ತಾಗಿಸದೆ ದಾಟಿಹೋದಳು. ಅವನು ಬಂದು ಆ ಮಗ್ಗುಲನ್ನು ಬಗ್ಗಿ ನೋಡಿದ. ಏನೂ ಆಗಿರಲಿಲ್ಲ.

ತಮ್ಮನ ಹೆಂಡತಿ ಮನೆಬಿಟ್ಟು ಹೋದದ್ದು ಬುಧವಾರ.