ಹಿಂದಿನ ಎರಡು ಬೆಂಚು

ಹಿಂದಿನ ಎರಡು ಬೆಂಚು ಕಿತ್ತರೆ ಹುಡುಗರು ತಾವಾಗಿಯೇ ಮುಂದೆ ಬರುತ್ತಾರೆ ಎಂಬುದು ಬಡಗಿಯ ಲೆಕ್ಕಾಚಾರ. ಚರ್ಚಿನ ಸಮಿತಿಯ ಉಳಿದ ಹಿರಿಯರು ಹುಡುಗರನ್ನು ಸೆಳೆಯಲು ಗಿಟಾರು, ಬಣ್ಣದ ದೀಪ, ಗೋಡೆ ತುಂಬುವ ಪರದೆ ಎಂದೆಲ್ಲ ತಲೆ ಕೆಡಿಸಿಕೊಂಡಿದ್ದಾಗ ಆತ ಗಡ್ಡ ಕೆರೆದುಕೊಂಡು, "ಒಂದು ಸ್ಕ್ರೂಡ್ರೈವರ್ ಸಾಕು" ಎಂದಿದ್ದ.

ಅಸಲಿಗೆ ಆತನನ್ನು ಕೊರೆಯುತ್ತಿದ್ದದ್ದು ಒಬ್ಬಳ ಚಿಂತೆ. ಹಿಂದಿನ ವಾರ ಊಟದ ಹೊತ್ತಿನಲ್ಲಿ ಮೊಮ್ಮಗಳು ಹೇಳಿದ್ದಳು: "ತಾತ, ಇದೊಂದು ಭಾನುವಾರ ಚರ್ಚಿಗೆ ಬರ್ತೀನಿ. ಆಮೇಲೆ ನನ್ನ ಕರೀಬೇಡ." ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಲೋಟಕ್ಕೆ ನೀರು ಬಗ್ಗಿಸಿಕೊಳ್ಳುತ್ತಾ ಹೇಳಿದ್ದಳು.

ಶನಿವಾರ ಮಧ್ಯಾಹ್ನ ಬೆಂಚು ಬಿಚ್ಚಲು ಕೂತ. ನಲವತ್ತು ವರ್ಷದ ಹಿಂದೆ ತಾನೇ ನೆಲಕ್ಕೆ ಬಿಗಿದ ಸ್ಕ್ರೂಗಳು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಎಣ್ಣೆ ಬಿಟ್ಟು, ಬೈದು, ಚರ್ಚಿನೊಳಗೆ ಬೈದೆನಲ್ಲ ಎಂದು ನಾಲಗೆ ಕಚ್ಚಿಕೊಂಡು, ಕೊನೆಗೂ ಎರಡನ್ನೂ ಪಕ್ಕದ ಕೋಣೆಗೆ ಎಳೆದು ಹಾಕಿದ.

ಭಾನುವಾರ ಏಳು ಜನ ಹುಡುಗ ಹುಡುಗಿಯರು ಬಂದರು. ಖಾಲಿ ನೆಲ ನೋಡಿದರು, ಮುಖ ಮುಖ ನೋಡಿಕೊಂಡರು, ಬಂದ ದಾರಿಯಲ್ಲೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಮೊಮ್ಮಗಳೂ ಅವರಲ್ಲಿ ಒಬ್ಬಳು. ಮುಂದಿನ ಸಾಲಿನಲ್ಲಿದ್ದ ಬಡಗಿಗೆ ತಿರುಗಿ ತಿರುಗಿ ಕತ್ತು ನೋಯತೊಡಗಿತು. ಪಾಸ್ಟರ್ ತಮ್ಮ ಪ್ರಸಂಗದಲ್ಲಿ ಬೈಬಲಿನ ಕಳೆದುಹೋದ ಕುರಿಯ ಕಥೆ ಶುರುಮಾಡಿದ್ದರು: ನೂರರಲ್ಲಿ ಒಂದು ತಪ್ಪಿಸಿಕೊಂಡಿತು, ಕುರುಬ ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಅದೊಂದನ್ನು ಹುಡುಕಿಕೊಂಡು ಹೋದ. ಇಲ್ಲಿ ತಪ್ಪಿಸಿಕೊಂಡವು ಏಳು. ಬಡಗಿಗೆ ಕೂರಲಾಗಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಪ್ರಸಂಗದ ನಡುವೆ ಎದ್ದು ಹೊರಗೆ ಬಂದ.

ಬೈಯಬೇಕೆಂದೇ ಬಂದಿದ್ದ. ಆದರೆ ಮೆಟ್ಟಿಲ ಮೇಲೆ ಆಗಲೇ ಜಗಳ ನಡೆದಿತ್ತು. ಪಾಸ್ಟರ್ ಮೈಕಿನಲ್ಲಿ ಆಡಿದ ಮಾತೆಲ್ಲ ಅಲ್ಲಿಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಆ ಕುರುಬನಿಗೆ ತಲೆ ಇತ್ತಾ?" ಎನ್ನುತ್ತಿದ್ದ ಮೊಬೈಲ್ ರಿಪೇರಿ ಅಂಗಡಿಯ ಹುಡುಗ. "ಒಂದಕ್ಕೋಸ್ಕರ ಉಳಿದಿದ್ದನ್ನೆಲ್ಲ ಬಯಲಲ್ಲಿ ಬಿಟ್ಟು ಹೋಗೋದಾ? ತೋಳ ಬಂದ್ರೆ?"

"ನೀನೇ ಆ ಒಂದಾಗಿದ್ರೆ ಹೀಗೆ ಕೇಳ್ತಿದ್ಯಾ?" ಎಂದಳು ಮೊಮ್ಮಗಳು. ಅಷ್ಟರಲ್ಲಿ ತಾತನನ್ನು ಕಂಡು, "ಬಂದ್ರಪ್ಪ, ಬೆಂಚ್ ಕಳ್ಳರು" ಎಂದಳು.

"ಹಿಂದಿನ ಬೆಂಚಲ್ಲಿ ಕೂತು ನೀವು ಗುಸುಗುಸು ಅಂತಿದ್ದಿದ್ದು ಇದನ್ನೇನಾ?" ಎಂದ ಬಡಗಿ.

"ಮತ್ತೇನು ತಾತ? ಮುಂದೆ ಕೂತ್ರೆ ಉಸಿರು ಬಿಡೋಕಾಗುತ್ತಾ? ಹಿಂದೆ ಕೂತ್ರೂ ಯಾರಾದ್ರೂ ತಿರುಗಿ ಶ್ ಅಂತಾರೆ. ಅದಕ್ಕೇ ಸಾಕು ಅಂದೆ."

ಹಾಗೆ ತಿರುಗಿ ಗದರುವವರಲ್ಲಿ ತಾನೇ ಮೊದಲಿಗ ಎಂಬುದು ಬಡಗಿಗೆ ಗೊತ್ತಿತ್ತು. ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ.

"ನೀವೇ ಹೇಳಿ ತಾತ," ಎಂದ ಹುಡುಗ, "ಆ ತೊಂಬತ್ತೊಂಬತ್ತರ ಗತಿ?"

ಬಡಗಿ ಗಡ್ಡ ಕೆರೆದುಕೊಂಡ. "ಗೊತ್ತಿಲ್ಲ ಕಣಪ್ಪ. ನಾನು ಯಾವಾಗಲೂ ಆ ತೊಂಬತ್ತೊಂಬತ್ತರಲ್ಲೇ ಇದ್ದೆ. ಕುರುಬ ವಾಪಸ್ ಬರೋವರೆಗೆ ಒಬ್ಬರನ್ನೊಬ್ಬರು ನೋಡ್ಕೊಳ್ಳೋ ಕೆಲಸ ನಮ್ದಾಗಿತ್ತೇನೋ. ನಾವು ಮುಂದಿನವರ ಬೆನ್ನು ನೋಡ್ತಾ ಕೂತ್ವಿ."

"ಪರವಾಗಿಲ್ಲ, ಇದು ಉತ್ತರ" ಎಂದ ಹುಡುಗ.

ಆರಾಧನೆ ಮುಗಿಸಿ ಬಂದ ಪಾಸ್ಟರ್ ಬಾಗಿಲಲ್ಲೇ ನಿಂತರು. "ಏನು, ಹೊರಗೆ ಬೇರೆ ಚರ್ಚು ಶುರುವಾಯ್ತಾ?"

"ಒಳಗೆ ತರೋಣ ಅಂತಿದ್ದೀವಿ," ಎಂದ ಬಡಗಿ. "ಬೆಂಚಿಗೆ ಒಂದು ಕೈ ಕೊಡಿ."

ಎಲ್ಲರೂ ಸೇರಿ ಬೆಂಚುಗಳನ್ನು ಹೊತ್ತು ತಂದರು. ಹಳೆಯ ತೂತುಗಳಿಗೆ ಸರಿಯಾಗಿ ಇಡಹೊರಟ ಹುಡುಗನನ್ನು ಬಡಗಿ ತಡೆದ. "ಒಂದನ್ನ ತಿರುಗಿಸು. ಎದುರುಬದುರು ಬರಲಿ."

ಪಾಸ್ಟರ್ ಅಂಚಿನಲ್ಲಿ ಕೂತು ನೋಡಿದರು. "ಮುಂದಿನ ವಾರದಿಂದ ಪ್ರಸಂಗ ಆದಮೇಲೆ ಅರ್ಧ ಗಂಟೆ ನಾನೂ ಇಲ್ಲೇ ಕೂರಲಾ?"

"ತೋಳದ ವಿಷಯ ಓದ್ಕೊಂಡು ಬನ್ನಿ ಪಾಸ್ಟರ್" ಎಂದ ಹುಡುಗ. ಪಾಸ್ಟರ್ ಗಟ್ಟಿಯಾಗಿ ನಕ್ಕರು.

ಬಡಗಿ ನೆಲಕ್ಕೆ ಬಗ್ಗಿ ಸ್ಕ್ರೂ ಬಿಗಿಯತೊಡಗಿದ. ಮೊಮ್ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೊಬೈಲಿನ ಬೆಳಕು ಹಿಡಿದಳು.

"ಪೂರ್ತಿ ಬಿಗೀಬೇಡ ತಾತ. ಬರೋ ವಾರ ಇನ್ನೂ ಸ್ವಲ್ಪ ಹತ್ತಿರ ಎಳ್ಕೊಳ್ಳೋಣ."

ಬಡಗಿ ತಲೆ ಎತ್ತಲಿಲ್ಲ. ಬಿಗಿದ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿದ.