ಹದಿನಾಲ್ಕು ಹೆಬ್ಬೆಟ್ಟು

ಸಂಜೆ ಐದರೊಳಗೆ ಪ್ರಬಂಧ ಸಲ್ಲಿಸದಿದ್ದರೆ ಕುಸುಮಾಳ ಪಿಎಚ್‌ಡಿ ನೋಂದಣಿ ರದ್ದು. ಆರು ವರ್ಷದ ಕೆಲಸ ನೀರಲ್ಲಿ ಹೋಮ. ಆಗಲೇ ಮೂರೂವರೆಯಾಗಿತ್ತು, ಅನ್ನಪೂರ್ಣೇಶ್ವರಿ ನಗರದ ಬಾಡಿಗೆ ಕೋಣೆಯ ನೆಲದ ಮೇಲೆ ಹೆಸರು ತುಂಬಿದ ಹದಿನಾಲ್ಕು ಒಪ್ಪಿಗೆ ಪತ್ರಗಳು ಸಹಿಯಿಲ್ಲದೆ ಬಿದ್ದಿದ್ದವು. ಪಕ್ಕದಲ್ಲೊಂದು ಇಂಕ್ ಪ್ಯಾಡು.

ಅವಳು ಮಾಗಡಿ ಕಡೆಯ ಇರುಳಿಗರ ಕಾಲೋನಿಯ ಹುಡುಗಿ. ಕಾಡಿನ ಗೆಡ್ಡೆ ಅಗೆಯುವ ತನ್ನವರೇ ಆದ ಹದಿನಾಲ್ಕು ಹೆಂಗಸರ ತಿಳಿವಳಿಕೆಯನ್ನು ಬರೆದಿದ್ದಳು. ಅವರೇನು ಕೇಳಿದ ಕೂಡಲೇ ಬಾಯಿಬಿಟ್ಟವರಲ್ಲ. ಮೊದಲು ಅಗೆಯುವ ಕೋಲನ್ನು ಅವಳ ಕೈಗೆ ಕೊಟ್ಟು ಬೆವರಿಳಿಸಿದರು. ಗೆಡ್ಡೆ ಕಿತ್ತ ಮೇಲೆ ಬಳ್ಳಿಯಿರುವ ತುದಿಯನ್ನು ಮತ್ತೆ ಮಣ್ಣಿಗಿಡುವುದು ಅವರ ಪದ್ಧತಿ. ಕುಸುಮಾ ಪ್ರಬಂಧದಲ್ಲೂ ಹಾಗೇ ಮಾಡಿದಳು. ಬರೆದದ್ದನ್ನು ಅವರಿಗೇ ಓದಿ ಹೇಳಿ, ಬೇಡವೆಂದದ್ದನ್ನು ಅಳಿಸಿದಳು. ಇದಕ್ಕಿಂತ ದೊಡ್ಡ ಒಪ್ಪಿಗೆ ಯಾವುದಿದೆ, ಹೇಳಿ! ಆದರೆ ವಿಶ್ವವಿದ್ಯಾಲಯದ ಸಮಿತಿಗೆ ಸಹಿ ಬೇಕು, ಇಲ್ಲವೇ ಹೆಬ್ಬೆಟ್ಟು ಬೇಕು.

ಫಜೀತಿ ಶುರುವಾದದ್ದೇ ಅಲ್ಲಿ. ಸೋದರತ್ತೆ ಅಣ್ಣಮ್ಮನ ಗಂಡ ಹಿಂದೊಮ್ಮೆ ಏನಿದೆಯೆಂದು ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ಮಾರನೆಯ ದಿನವೇ ಅವರ ಗುಡ್ಡಕ್ಕೆ ಬೇಲಿ ಬಿತ್ತು. ಅಂದಿನಿಂದ ಕಾಲೋನಿಯ ಹೆಂಗಸರು ಯಾವ ಕಾಗದವನ್ನೂ ಮುಟ್ಟುವುದಿಲ್ಲ.

"ಬಾಯಲ್ಲಿ ಎಷ್ಟು ಬೇಕಾದ್ರೂ ಕೇಳವ್ವ, ಹೇಳ್ತೀವಿ," ಅಂದಿದ್ದಳು ಅಣ್ಣಮ್ಮ. "ಬೆಟ್ಟು ಮಾತ್ರ ಕೇಳ್ಬ್ಯಾಡ."

ಕುಸುಮಾ ಬಾಗಿಲ ಚಿಲಕ ಹಾಕಿದಳು. ತನ್ನದೇ ಹೆಬ್ಬೆರಳನ್ನು ಇಂಕಿಗೆ ಅದ್ದಿ, ಹದಿನಾಲ್ಕು ಸಲ ಒತ್ತಿದಳು.

ಆಟೋ ಹಿಡಿದು ಚಂದ್ರಾ ಲೇಔಟ್‌ಗೆ, ಮಾರ್ಗದರ್ಶಕ ಚಕ್ರಪಾಣಿಯವರ ಮನೆಗೆ ಬಂದಾಗ ನಾಲ್ಕೂಕಾಲು. ಅವರು ಸಹಿ ಹಾಕಿದರೆ ಅಲ್ಲೇ ಸ್ಕ್ಯಾನ್ ಮಾಡಿ ಕಳಿಸುವುದಷ್ಟೇ ಬಾಕಿ. ಮೇಷ್ಟ್ರು ಪತ್ರಗಳನ್ನು ಸರಸರನೆ ತಿರುವಿದರು.

"ಅಂತೂ ಒಪ್ಪಿದ್ರಲ್ಲ. ಈಗ ನೋಡಮ್ಮ, ನಿನ್ನ ಕೆಲಸಕ್ಕೊಂದು ತೂಕ ಬಂತು."

ಕುಸುಮಾಳ ಹೆಬ್ಬೆರಳಿನಲ್ಲಿ ಕುಡುಗೋಲು ತಗುಲಿದ ಓರೆ ಗಾಯದ ಗುರುತಿತ್ತು. ಹದಿನಾಲ್ಕು ಹಾಳೆಯಲ್ಲೂ ಅದೇ ಓರೆ ಗೆರೆ. ಮೇಷ್ಟ್ರ ಕಣ್ಣಿಗೆ ಒಂದೂ ಬೀಳಲಿಲ್ಲ. ಹೆಬ್ಬೆಟ್ಟು ಬೇಕೆಂದು ಆರು ತಿಂಗಳು ಪ್ರಾಣ ತಿಂದ ಮನುಷ್ಯ ಬಂದ ಹೆಬ್ಬೆಟ್ಟನ್ನು ನೋಡಲೂ ಇಲ್ಲ. ಅವಳಿಗೆ ಮೈ ಉರಿಯಿತು. ಮೇಲಿನ ಹಾಳೆಯಲ್ಲಿದ್ದ ಅಣ್ಣಮ್ಮನ ಹೆಸರು ಕಂಡಾಗ ಆ ಉರಿಯೆಲ್ಲ ತನ್ನ ಮೇಲೆಯೇ ತಿರುಗಿತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.

"ಒಂದ್ನಿಮಿಷ ಸಾರ್."

ಗೇಟಿನ ಬಳಿ ಹೋಗಿ ಅತ್ತೆಗೆ ಫೋನ್ ಮಾಡಿದಳು. ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಆ ಸಮಿತಿಯೋರು ನಮ್ ಮಾತು ಕೇಳಲ್ಲ ಅಂತ ಗೊತ್ತಿತ್ತು," ಅಂದಳು ಅಣ್ಣಮ್ಮ. "ನೀನೂ ಕೇಳ್ಲಿಲ್ವಲ್ಲ ಮಗಾ."

ಕುಸುಮಾ ಫೋನ್ ಇಟ್ಟಳು. ಒಳಗೆ ಬಂದು ಪತ್ರಗಳನ್ನು ಮೇಷ್ಟ್ರ ಮುಂದಿನಿಂದ ಎತ್ತಿಕೊಂಡಳು.

"ಹದಿನಾಲ್ಕೂ ನನ್ನ ಬೆರಳೇ ಸಾರ್. ಅವರು ಬಾಯಿಮಾತಲ್ಲಿ ಒಪ್ಪಿದಾರೆ, ಬೆಟ್ಟು ಕೊಟ್ಟಿಲ್ಲ. ಹಾಗಂತಾನೇ ಬರ್ಕೊಡ್ತೀನಿ."

ಚಕ್ರಪಾಣಿ ಗಡಿಯಾರ ನೋಡಿದರು. "ಸಮಿತಿ ಒಪ್ಪಲ್ಲಮ್ಮ. ಆರು ವರ್ಷ ಕಣಮ್ಮ ಇದು. ನಾನೇನೂ ನೋಡಿಲ್ಲ, ಕೊಟ್ಬಿಡು."

ಅವಳು ಅಳುತ್ತಲೇ ಹದಿನಾಲ್ಕನ್ನೂ ಒಂದೊಂದಾಗಿ ಹರಿದಳು. ಮೇಷ್ಟ್ರು ತಡೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

ಐದು ದಾಟಿದ ಮೇಲೆ ಬಸ್‌ಸ್ಟಾಪಿನಿಂದ ಮತ್ತೆ ಫೋನ್ ಮಾಡಿದಳು.

"ಹರಿದಾಕ್ದೆ ಅತ್ತೆ. ಎಲ್ಲಾ ಹೋಯ್ತು."

"ಎಲ್ಲಿಗ್ ಹೋಯ್ತದೆ?" ಅಂದಳು ಅಣ್ಣಮ್ಮ. "ನಾಳೆ ಬಾ. ಕೊನೇ ಅಧ್ಯಾಯ ಇನ್ನೂ ಓದಿ ಹೇಳಿಲ್ಲ ನೀನು."